ಫೋಟೊದ ಅಂಚಿಗೆ ಎಷ್ಟು ನೆರಳು?

ಫೋಟೊ ನೋಡುವವರ ಕಣ್ಣು ಮೊದಲು ಓಡುವುದು ಬೆಳಕು ಹೆಚ್ಚಿರುವ ಕಡೆಗೆ. ಅಜ್ಜಿ ಕಿಟಕಿಯ ಪಕ್ಕ ಕೂತು ಹೂ ಕಟ್ಟುತ್ತಿರುವ ಚಿತ್ರ ತೆಗೆದಿದ್ದೀರಿ ಎಂದುಕೊಳ್ಳಿ. ಮುಖ ಚೆನ್ನಾಗಿ ಬಂದಿದೆ, ಬೆರಳುಗಳ ನಡುವಿನ ಮಲ್ಲಿಗೆಯೂ ಚೆನ್ನಾಗಿ ಬಂದಿದೆ. ಆದರೆ ಎಡ ಮೂಲೆಯಲ್ಲಿ ಒಂದು ಸ್ಟೀಲ್ ಕೊಡ ಹೊಳೆಯುತ್ತಿದೆ, ಮೇಲೆ ಸುಣ್ಣದ ಗೋಡೆ ಬೆಳ್ಳಗಿದೆ. ನೋಡುವವರು ಮುಖದಿಂದ ಕೊಡಕ್ಕೆ, ಕೊಡದಿಂದ ಗೋಡೆಗೆ ಜಾರಿ ಚಿತ್ರದಿಂದಲೇ ಆಚೆ ಹೋಗುತ್ತಾರೆ. ಅಂಚುಗಳ ಬೆಳಕನ್ನು ತುಸು ತಗ್ಗಿಸಿದರೆ ಕಣ್ಣು ಮತ್ತೆ ಮುಖಕ್ಕೆ ಬಂದು ನಿಲ್ಲುತ್ತದೆ. ಈ ಕೆಲಸಕ್ಕೆ ಫೋಟೊಗ್ರಾಫರ್‌ಗಳು ವಿನ್ಯೆಟ್ ಎನ್ನುತ್ತಾರೆ.

ಇದಕ್ಕಾಗಿ ಈಗ ಹೆಚ್ಚುಕಡಿಮೆ ಎಲ್ಲ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಫೋನಿನ ಆ್ಯಪ್‌ಗಳಲ್ಲೂ ಒಂದು ಸ್ಲೈಡರ್ ಇದೆ. ಎಳೆಯುವುದು ಸುಲಭ, ಹಾಗಾಗಿ ಅತಿಯಾಗುವುದೂ ಸುಲಭ. ಮದುವೆ ಆಲ್ಬಮ್‌ಗಳಲ್ಲಿ ವಧೂವರರ ಸುತ್ತ ಮಸಿ ಬಳಿದಂತೆ ಕಾಣುವ ಕಪ್ಪು ಉಂಗುರವನ್ನು ನೋಡದವರಿಲ್ಲ. ಅಲ್ಲಿ ಎಡಿಟಿಂಗ್ ಕಾಣುತ್ತದೆ, ಜನ ಕಾಣುವುದಿಲ್ಲ. ಒಳ್ಳೆಯ ವಿನ್ಯೆಟ್ ಇದಕ್ಕೆ ತದ್ವಿರುದ್ಧ: ಅದು ಇದೆಯೆಂದು ನೋಡುವವರಿಗೆ ತಿಳಿಯಬಾರದು, ತೆಗೆದುಹಾಕಿದರೆ ಮಾತ್ರ ಏನೋ ಕಡಿಮೆಯಾಯಿತಲ್ಲ ಅನ್ನಿಸಬೇಕು. ಅಂಥದ್ದನ್ನು ಕಂಪ್ಯೂಟರಿನಲ್ಲೂ ಫೋನಿನಲ್ಲೂ ಮಾಡುವ ಬಗೆ ಇಲ್ಲಿದೆ.

ಲೆನ್ಸ್ ತಾನಾಗಿ ಮಾಡುವ ಕಪ್ಪು

ನಾವು ಕಪ್ಪು ಮಾಡುವ ಮೊದಲೇ ಲೆನ್ಸ್ ಸ್ವಲ್ಪ ಮಾಡಿರುತ್ತದೆ. ಅಪರ್ಚರ್ ಪೂರ್ತಿ ತೆರೆದಾಗ, ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯ ಅಂಚೇ ಅಷ್ಟಿಷ್ಟು ತಡೆಯುತ್ತದೆ. ಎರಡು ಮೂರು ಸ್ಟಾಪ್ ಕಿರಿದು ಮಾಡಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಓರೆಯ ಕೋನದಿಂದಲೇ ಹುಟ್ಟುವ ಇನ್ನೊಂದು ಬಗೆಯಿದೆ. ಸರಳ ಲೆನ್ಸಿನ ಲೆಕ್ಕದಲ್ಲಿ, ನೇರಕ್ಕಿಂತ 30 ಡಿಗ್ರಿ ಓರೆಯಾಗಿ ಬಂದ ಬೆಳಕು ನಡುವಿನ ಬೆಳಕಿನ ಶೇ 56ರಷ್ಟು ಮಾತ್ರ ಉಳಿಯುತ್ತದೆ. 45 ಡಿಗ್ರಿಗೆ ಶೇ 25ಕ್ಕೆ, ಅಂದರೆ ಪೂರಾ ಎರಡು ಸ್ಟಾಪ್ ಕೆಳಗೆ ಇಳಿಯುತ್ತದೆ. ವೈಡ್ ಲೆನ್ಸ್‌ಗಳಲ್ಲಿ ಮೂಲೆಗಳು ಕಪ್ಪಾಗಲು ಇದೂ ಒಂದು ಕಾರಣ. ಅಪರ್ಚರ್ ಬದಲಿಸಿದರೆ ಇದು ಹೋಗುವುದಿಲ್ಲ. ಮೂರನೆಯದು ನಮ್ಮದೇ ಕೈವಾಡ: ಫಿಲ್ಟರ್ ಮೇಲೆ ಫಿಲ್ಟರ್ ಹಾಕಿದಾಗ, ಹೊಂದದ ಹುಡ್ ಸಿಕ್ಕಿಸಿದಾಗ ಮೂಲೆಗಳು ಕತ್ತರಿಸಿದಂತೆ ಕಪ್ಪಾಗುತ್ತವೆ.

ನಿಮ್ಮ ಲೆನ್ಸ್ ಎಷ್ಟು ಕಪ್ಪು ಮಾಡುತ್ತದೆಂದು ತಿಳಿಯಲು, ಒಂದೇ ಸಮ ಬೆಳಕಿರುವ ಬಿಳಿ ಗೋಡೆಯನ್ನು ಅತಿ ದೊಡ್ಡ ಅಪರ್ಚರ್‌ನಲ್ಲಿ ಒಮ್ಮೆ, ಎಫ್/8ರಲ್ಲಿ ಇನ್ನೊಮ್ಮೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಎಡಿಟಿಂಗ್ ಶುರು ಮಾಡುವಾಗ ಮೊದಲು ಈ ಕಪ್ಪನ್ನು ತೆಗೆಯುವುದು ಒಳ್ಳೆಯದು. ಲೈಟ್‌ರೂಮ್‌ನಲ್ಲಿ ಲೆನ್ಸ್ ಕರೆಕ್ಷನ್ಸ್ ಫಲಕದ ಎನೇಬಲ್ ಪ್ರೊಫೈಲ್ ಕರೆಕ್ಷನ್ಸ್ ಗುರುತು ಹಾಕಿದರೆ ಸಾಕು. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಲ್ಲಿ ಲೆನ್ಸ್ ಕರೆಕ್ಷನ್ ಎಂಬ ಮಾಡ್ಯೂಲ್ ಇದೆ. ಜೆಪೆಗ್ ತೆಗೆಯುವ ಅನೇಕ ಕ್ಯಾಮೆರಾಗಳು ಮತ್ತು ಫೋನುಗಳು ಇದನ್ನು ಒಳಗೊಳಗೇ ಮಾಡಿ ಮುಗಿಸಿರುತ್ತವೆ. ಲೆನ್ಸಿನ ಕಪ್ಪು ಯಾವಾಗಲೂ ಚೌಕಟ್ಟಿನ ನಟ್ಟನಡುವಿನಿಂದ ಅಳೆದದ್ದು, ನಿಮ್ಮ ಅಜ್ಜಿ ನಟ್ಟನಡುವೆ ಕೂತಿರುವುದಿಲ್ಲ. ಮೊದಲು ಸಮ ಮಾಡಿಕೊಂಡು, ಆಮೇಲೆ ಬೇಕಾದ ಕಡೆ ಬೇಕಾದಷ್ಟು ಕಪ್ಪು ಮಾಡುವುದೇ ಸರಿ.

ಡಾರ್ಕ್‌ರೂಮ್‌ನ ಪಾಠ

ಇದು ಕಂಪ್ಯೂಟರ್ ತಂದ ಚಾಳಿಯಲ್ಲ. ಡಾರ್ಕ್‌ರೂಮ್‌ನಲ್ಲಿ ಪ್ರಿಂಟ್ ಹಾಕುವವರು ಎನ್‌ಲಾರ್ಜರ್ ಕೆಳಗೆ ರಟ್ಟಿನಿಂದಲೋ ಅಂಗೈಯಿಂದಲೋ ಚಿತ್ರದ ನಡುಭಾಗವನ್ನು ಮರೆಮಾಡಿ, ಅಂಚಿಗೆ ಮಾತ್ರ ಕೆಲವು ಸೆಕೆಂಡು ಹೆಚ್ಚು ಬೆಳಕು ಕೊಡುತ್ತಿದ್ದರು. ಬೆಳಕು ಹೆಚ್ಚು ಬಿದ್ದಷ್ಟೂ ಕಾಗದ ಕಪ್ಪಾಗುತ್ತದೆ. ಇದಕ್ಕೆ ಬರ್ನಿಂಗ್ ಎಂದು ಹೆಸರು. ಫೋಟೊಶಾಪ್‌ನ ಬರ್ನ್ ಟೂಲ್‌ಗೆ ಬೆರಳು ಮಡಚಿದ ಕೈಯ ಚಿತ್ರವಿರುವುದು ಇದೇ ಕಾರಣಕ್ಕೆ. ಅಮೆರಿಕದ ಅನ್ಸೆಲ್ ಆಡಮ್ಸ್ ತಮ್ಮ ‘ದಿ ಪ್ರಿಂಟ್’ ಪುಸ್ತಕದಲ್ಲಿ ಅಂಚನ್ನು ಬರ್ನ್ ಮಾಡುವ ಬಗೆಯನ್ನು ವಿವರಿಸಿದ್ದಾರೆ. ರಟ್ಟನ್ನು ಒಂದೇ ಕಡೆ ಹಿಡಿದರೆ ಗೆರೆ ಮೂಡುತ್ತದೆ, ಹಾಗಾಗಿ ಅದನ್ನು ಅಲ್ಲಾಡಿಸುತ್ತಲೇ ಇರಬೇಕಿತ್ತು. ಇಂದಿನ ಸಾಫ್ಟ್‌ವೇರ್‌ಗಳ ಫೆದರ್ ಸ್ಲೈಡರ್ ಮಾಡುವುದು ಆ ಅಲ್ಲಾಟದ ಕೆಲಸವನ್ನೇ.

ಎದ್ದು ಕಾಣುವ ವಿನ್ಯೆಟ್ ಫ್ಯಾಷನ್ ಆದದ್ದು ಅಗ್ಗದ ಕ್ಯಾಮೆರಾಗಳಿಂದ. ಹಾಂಕಾಂಗಿನ ಪ್ಲಾಸ್ಟಿಕ್ ಕ್ಯಾಮೆರಾ ಹೋಲ್ಗಾ, ಸೋವಿಯತ್ ಒಕ್ಕೂಟದ ಲೋಮೊ ಎಲ್‌ಸಿ-ಎ ಎರಡೂ 1980ರ ದಶಕದವು. ಮೂಲೆಗಳು ಕಪ್ಪಾಗುವ ಅವುಗಳ ಕೊರತೆಯನ್ನೇ ಕೆಲವರು ಮೆಚ್ಚಿಕೊಂಡರು. 2010ರಲ್ಲಿ ಬಂದ ಇನ್‌ಸ್ಟಾಗ್ರಾಮ್‌ನ ಫಿಲ್ಟರ್‌ಗಳು ಆ ನೋಟವನ್ನು ಎಲ್ಲರ ಫೋನಿಗೂ ಹಂಚಿದವು. ಆ ಅಲೆ ಈಗ ಇಳಿದಿದೆ.

ಸ್ಲೈಡರ್ ಮುಟ್ಟುವ ಮುನ್ನ

ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳಿ.

ಒಂದು, ಕಣ್ಣು ಎಲ್ಲಿ ನಿಲ್ಲಬೇಕು? ನಮ್ಮ ಉದಾಹರಣೆಯಲ್ಲಿ ಅಜ್ಜಿಯ ಮುಖದಲ್ಲಿ, ಆಮೇಲೆ ಹೂ ಹಿಡಿದ ಕೈಯಲ್ಲಿ. ಅಂದರೆ ಬೆಳಕಿನ ಅಂಡಾಕಾರ ಎರಡನ್ನೂ ಒಳಗೊಳ್ಳಬೇಕು. ಅದರ ಕೇಂದ್ರ ಚೌಕಟ್ಟಿನ ನಡುವೆ ಇರಬೇಕೆಂದಿಲ್ಲ.

ಎರಡು, ಬೆಳಕು ಎಲ್ಲಿಂದ ಬರುತ್ತಿದೆ? ಇಲ್ಲಿ ಬಲಗಡೆಯ ಕಿಟಕಿಯಿಂದ. ಬೆಳಕಿನ ಮೂಲವೇ ಕಪ್ಪಾಗಿ, ಅದರ ಬೆಳಕು ಬಿದ್ದ ಮುಖ ಮಾತ್ರ ಹೊಳೆಯುತ್ತಿದ್ದರೆ ಚಿತ್ರ ಸುಳ್ಳು ಹೇಳುತ್ತಿದೆಯೆಂದು ನೋಡುವವರಿಗೆ ಒಳಗೊಳಗೇ ಅನ್ನಿಸುತ್ತದೆ. ಹಾಗಾಗಿ ಕಿಟಕಿಯ ಬದಿಯನ್ನು ಮುಟ್ಟದೆ, ಇಲ್ಲವೇ ತೀರ ಕಡಿಮೆ ಮುಟ್ಟಿ, ಎದುರು ಬದಿಯನ್ನು ಹೆಚ್ಚು ತಗ್ಗಿಸಬೇಕು. ನಾಲ್ಕೂ ಅಂಚಿಗೆ ಒಂದೇ ಅಳತೆಯ ಕಪ್ಪು ಎಂಬುದು ಸಾಫ್ಟ್‌ವೇರ್‌ನ ಅನುಕೂಲಕ್ಕೆ ಹೊರತು ಚಿತ್ರದ ಅನುಕೂಲಕ್ಕಲ್ಲ.

ಮೂರು, ಅಂಚಿನಲ್ಲಿ ವಿವರವೇ ಇಲ್ಲದಷ್ಟು ಬೆಳ್ಳಗಾದ ಜಾಗ ಇದೆಯೇ? ಕಿಟಕಿಯಾಚೆಯ ಆಕಾಶ ಅಪ್ಪಟ ಬಿಳಿಯಾಗಿದ್ದರೆ, ಅದನ್ನು ಕಪ್ಪು ಮಾಡಲು ಹೊರಟಾಗ ಬರುವುದು ಆಕಾಶವಲ್ಲ, ಸಪ್ಪೆ ಬೂದು ಬಣ್ಣ. ಅಂಥ ಜಾಗವನ್ನು ಕ್ರಾಪ್ ಮಾಡಿ, ಇಲ್ಲವೇ ಹಾಗೇ ಬಿಡಿ. ಕ್ರಾಪ್ ಮಾಡುವ ಕೆಲಸ ಏನಿದ್ದರೂ ವಿನ್ಯೆಟ್‌ಗಿಂತ ಮೊದಲು ಮುಗಿಯಬೇಕು. ಕೊಡವನ್ನು ಕ್ರಾಪ್ ಮಾಡಿಯೇ ಕಳೆಯಬಹುದಾದರೆ ವಿನ್ಯೆಟ್ಟೇ ಬೇಕಾಗದಿರಬಹುದು.

ಜಿಂಪ್‌ನಲ್ಲಿ ಸುಲಭದ ದಾರಿ

ಜಿಂಪ್ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2018ರಲ್ಲಿ ಬಂದ 2.10ನೇ ಆವೃತ್ತಿಯಿಂದ ಅದರಲ್ಲಿ ಸಿದ್ಧ ವಿನ್ಯೆಟ್ ಫಿಲ್ಟರ್ ಇದೆ.

1. ಚಿತ್ರ ತೆರೆದು, ಲೇಯರ್ ಮೆನುವಿನಿಂದ ಡುಪ್ಲಿಕೇಟ್ ಲೇಯರ್ ಆರಿಸಿ. ಮೂಲ ಚಿತ್ರ ಕೆಳಗೆ ಸುರಕ್ಷಿತವಾಗಿರಲಿ. ಕೆಲಸ ನಡೆಯುವುದು ಮೇಲಿನ ಪ್ರತಿಯಲ್ಲಿ.

2. ಫಿಲ್ಟರ್ಸ್ ಮೆನುವಿನಲ್ಲಿ ಲೈಟ್ ಅಂಡ್ ಶ್ಯಾಡೋ, ಅದರೊಳಗೆ ವಿನ್ಯೆಟ್. ಚಿತ್ರದ ಮೇಲೆ ವೃತ್ತಾಕಾರದ ಗೆರೆಗಳು ಕಾಣುತ್ತವೆ. ಅವನ್ನು ಮೌಸ್‌ನಿಂದ ಎಳೆದು ಕೇಂದ್ರವನ್ನೂ ಗಾತ್ರವನ್ನೂ ಬದಲಿಸಬಹುದು. ಕೇಂದ್ರವನ್ನು ಅಜ್ಜಿಯ ಗಲ್ಲಕ್ಕೂ ಕೈಗೂ ನಡುವೆ ತನ್ನಿ.

3. ರೇಡಿಯಸ್ ಎಂದರೆ ಕಪ್ಪು ಎಷ್ಟು ದೂರದಲ್ಲಿದೆ ಎಂಬುದು. ಸಾಫ್ಟ್‌ನೆಸ್ ಎಂದರೆ ಬೆಳಕಿನಿಂದ ಕಪ್ಪಿಗೆ ಎಷ್ಟು ಮೆಲ್ಲಗೆ ಇಳಿಯುತ್ತದೆ ಎಂಬುದು. ಗಾಮಾ ಆ ಇಳಿಜಾರಿನ ಬಾಗನ್ನು ತೀರ್ಮಾನಿಸುತ್ತದೆ. ಸಾಫ್ಟ್‌ನೆಸ್ ಮೊದಲೇ 0.8 ಇರುತ್ತದೆ. ಅದನ್ನು ಇಳಿಸಬೇಡಿ, ಬೇಕಾದರೆ ಇನ್ನಷ್ಟು ಏರಿಸಿ. ಇಳಿಸಿದಷ್ಟೂ ಉಂಗುರದ ಗೆರೆ ಎದ್ದು ಕಾಣುತ್ತದೆ.

4. ಪ್ರಪೋರ್ಶನ್ 1 ಇದ್ದರೆ ಚಿತ್ರದ ಅಳತೆಗೆ ಹೊಂದುವ ಅಂಡಾಕಾರ, 0 ಇದ್ದರೆ ಪೂರ್ಣ ವೃತ್ತ. ಅಡ್ಡ ಚಿತ್ರಗಳಿಗೆ 1 ಚೆನ್ನ.

5. ಓಕೆ ಒತ್ತಿದ ಮೇಲೆ ಲೇಯರ್ಸ್ ಫಲಕದಲ್ಲಿ ಮೇಲಿನ ಪ್ರತಿಯ ಒಪ್ಯಾಸಿಟಿಯನ್ನು 100ರಿಂದ ಸೊನ್ನೆಗೆ ಇಳಿಸಿ, ಅಲ್ಲಿಂದ ನಿಧಾನವಾಗಿ ಏರಿಸಿ. ಕಪ್ಪು ಕಂಡಿತು ಅನ್ನಿಸಿದ ಕೂಡಲೇ ನಿಂತು, ತುಸು ಹಿಂದೆ ಬನ್ನಿ. ನಿಮ್ಮ ಅಳತೆ ಅದೇ. ಬಹಳಷ್ಟು ಚಿತ್ರಗಳಿಗೆ ಇದು 20ರಿಂದ 40ರ ನಡುವೆ ಸಿಗುತ್ತದೆ.

2025ರಲ್ಲಿ ಬಂದ ಜಿಂಪ್ 3.0ರಲ್ಲಿ ಇನ್ನೊಂದು ಅನುಕೂಲವಿದೆ. ಫಿಲ್ಟರ್ ಹಾಕಿದ ಮೇಲೂ ಅದು ಲೇಯರ್‌ಗೆ ಅಂಟಿಕೊಂಡೇ ಉಳಿಯುತ್ತದೆ. ನಾಳೆ ಮತ್ತೆ ತೆರೆದು ಅಳತೆ ಬದಲಿಸಬಹುದು. ಅದಕ್ಕಾಗಿ ಫೈಲನ್ನು ಎಕ್ಸ್‌ಸಿಎಫ್ ರೂಪದಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ಹಂಚಲು ಮಾತ್ರ ಜೆಪೆಗ್ ಎಕ್ಸ್‌ಪೋರ್ಟ್ ಮಾಡಿ.

ಕೈಯಾರೆ ಮಾಡುವ ದಾರಿ

ಸಿದ್ಧ ಫಿಲ್ಟರ್ ಅಂಚಿಗೆ ಕಪ್ಪು ಬಣ್ಣ ಬೆರೆಸುತ್ತದೆ. ಕಪ್ಪು ಬೆರೆತಾಗ ಸೀರೆಯ ಕೆಂಪು, ಗೋಡೆಯ ಹಳದಿ ಕೊಳೆಯಾದಂತೆ ಕಾಣುತ್ತವೆ. ಬಣ್ಣ ಬೆರೆಸುವ ಬದಲು ಬೆಳಕನ್ನೇ ಕಡಿಮೆ ಮಾಡಿದರೆ ಆ ಬಣ್ಣಗಳು ನೆರಳಿನಲ್ಲಿದ್ದಂತೆ ಸಹಜವಾಗಿ ಕಾಣುತ್ತವೆ. ಇದಕ್ಕೆ ಲೇಯರ್ ಮಾಸ್ಕ್ ಬೇಕು. ಒಮ್ಮೆ ಕಲಿತರೆ ಫೋಟೊಶಾಪ್ ಸೇರಿದಂತೆ ಲೇಯರ್ ಇರುವ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಇದೇ ವಿದ್ಯೆ ನಡೆಯುತ್ತದೆ.

ಮೊದಲು ಲೇಯರ್‌ನ ಪ್ರತಿ ಮಾಡಿ. ಕಲರ್ಸ್ ಮೆನುವಿನ ಎಕ್ಸ್‌ಪೋಶರ್ ತೆರೆದು ಮೈನಸ್ 1ಕ್ಕೆ ಇಳಿಸಿ. ಇಡೀ ಚಿತ್ರ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕಿನಷ್ಟು, ಮಬ್ಬಾಗುತ್ತದೆ. ಈಗ ಆ ಲೇಯರ್‌ಗೆ ಬಿಳಿ ಮಾಸ್ಕ್ ಸೇರಿಸಿ. ಮಾಸ್ಕ್‌ನಲ್ಲಿ ಬಿಳಿ ಇರುವ ಕಡೆ ಮಬ್ಬು ಕಾಣುತ್ತದೆ, ಕಪ್ಪು ಇರುವ ಕಡೆ ಕೆಳಗಿನ ಮೂಲ ಚಿತ್ರ ಕಾಣುತ್ತದೆ.

ಕೀಬೋರ್ಡ್‌ನಲ್ಲಿ ಡಿ ಒತ್ತಿದರೆ ಬಣ್ಣಗಳು ಕಪ್ಪು-ಬಿಳಿಗೆ ಮರಳುತ್ತವೆ. ಗ್ರೇಡಿಯೆಂಟ್ ಟೂಲ್ ತೆಗೆದುಕೊಂಡು ಆಕಾರವನ್ನು ರೇಡಿಯಲ್ ಎಂದು ಇಡಿ. ಅಜ್ಜಿಯ ಮುಖದಿಂದ ಶುರು ಮಾಡಿ, ದೂರದ ಮೂಲೆಯವರೆಗೆ ಗೆರೆ ಎಳೆಯಿರಿ. ನಡುವೆ ಮೂಲ ಬೆಳಕು, ಹೊರಗೆ ಹೋದಂತೆ ಮಬ್ಬು. ಎಂಟರ್ ಒತ್ತುವವರೆಗೆ ಗೆರೆಯ ಎರಡೂ ತುದಿಗಳನ್ನು ಎಳೆದು ಸರಿಪಡಿಸಬಹುದು. ಗ್ರೇಡಿಯೆಂಟ್ ಕೇಂದ್ರದಿಂದಲೇ ಇಳಿಯತೊಡಗುವುದರಿಂದ ಕೆನ್ನೆ, ಕಿವಿಗಳು ಆಗಲೇ ತುಸು ಮಬ್ಬಾಗಿರುತ್ತವೆ. ಮೆತ್ತನೆ ಅಂಚಿನ ದೊಡ್ಡ ಬ್ರಷ್‌ನಿಂದ, ಒಪ್ಯಾಸಿಟಿ 20ರಿಂದ 30ರಷ್ಟಿಟ್ಟು, ಮಾಸ್ಕ್ ಮೇಲೆ ಕಪ್ಪು ಹಚ್ಚಿ ಮುಖವನ್ನು ಬಿಡಿಸಿಕೊಳ್ಳಿ. ಕೈಗಳ ಮೇಲೂ ಕಿಟಕಿಯ ಬದಿಯ ಮೇಲೂ ಹಾಗೇ ಹಚ್ಚಿ. ಕೊಡದ ಹೊಳಪು ಇನ್ನೂ ಸೆಳೆಯುತ್ತಿದ್ದರೆ ಅಲ್ಲಿ ಬಿಳಿ ಹಚ್ಚಿ. ಕೊನೆಗೆ ಲೇಯರ್‌ನ ಒಪ್ಯಾಸಿಟಿಯಿಂದ ಒಟ್ಟು ಅಳತೆಯನ್ನು ನಿಲ್ಲಿಸಿ.

ಇಷ್ಟಾದಾಗ ಸಿಗುವುದು ಅಂಡಾಕಾರದ ಉಂಗುರವಲ್ಲ, ಆ ಕೋಣೆಯ ಬೆಳಕಿಗೆ ಹೊಂದಿದ ನೆರಳು. ಈ ಲೇಖನದಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ.

ಲೈಟ್‌ರೂಮ್ ಮತ್ತು ಫೋಟೊಶಾಪ್

ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್ ಭಾಗದಲ್ಲಿ ಎಫೆಕ್ಟ್ಸ್ ಫಲಕವಿದೆ. ಅದರಲ್ಲಿರುವ ಪೋಸ್ಟ್-ಕ್ರಾಪ್ ವಿನ್ಯೆಟಿಂಗ್ ನೀವು ಕ್ರಾಪ್ ಮಾಡಿದ ಚೌಕಟ್ಟಿಗೆ ತಕ್ಕಂತೆ ಕೂರುತ್ತದೆ. ಲೆನ್ಸ್ ಕರೆಕ್ಷನ್ಸ್‌ನಲ್ಲೂ ವಿನ್ಯೆಟಿಂಗ್ ಎಂಬ ಸ್ಲೈಡರ್ ಕಾಣುತ್ತದೆ. ಅದು ಲೆನ್ಸಿನ ದೋಷ ತಿದ್ದಲು ಇರುವಂಥದ್ದು, ಕ್ರಾಪ್ ಮಾಡದ ಪೂರ್ಣ ಚಿತ್ರವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಅಮೌಂಟ್ ಮೈನಸ್ ಕಡೆಗೆ ಹೋದರೆ ಕಪ್ಪು, ಪ್ಲಸ್ ಕಡೆಗೆ ಹೋದರೆ ಬಿಳಿ. ಮಿಡ್‌ಪಾಯಿಂಟ್ ಕಪ್ಪು ಎಷ್ಟು ಒಳಗೆ ನುಗ್ಗಬೇಕೆಂದು ಹೇಳುತ್ತದೆ. ರೌಂಡ್‌ನೆಸ್ ಆಕಾರವನ್ನೂ ಫೆದರ್ ಮೆದುವನ್ನೂ ನೋಡಿಕೊಳ್ಳುತ್ತವೆ. ಆಕಾರ ಎಲ್ಲಿ ಕೂತಿದೆಯೆಂದು ಗೊತ್ತಾಗದಿದ್ದರೆ ಅಮೌಂಟ್ ಮೈನಸ್ 100ಕ್ಕೆ, ಫೆದರ್ ಸೊನ್ನೆಗೆ ತನ್ನಿ. ಗೆರೆ ಢಾಳಾಗಿ ಕಾಣುತ್ತದೆ. ಮಿಡ್‌ಪಾಯಿಂಟ್ ಮತ್ತು ರೌಂಡ್‌ನೆಸ್ ಸರಿಪಡಿಸಿ, ಆಮೇಲೆ ಫೆದರ್ ಏರಿಸಿ, ಅಮೌಂಟ್ ಮೈನಸ್ 10ರಿಂದ 25ರ ನಡುವೆ ನಿಲ್ಲಿಸಿ. ಅದಕ್ಕಿಂತ ಮುಂದೆ ಹೋಗಲು ಗಟ್ಟಿ ಕಾರಣ ಬೇಕು.

ಸ್ಟೈಲ್ ಆಯ್ಕೆಯಲ್ಲಿ ಮೂರು ಬಗೆಯಿವೆ. ಹೈಲೈಟ್ ಪ್ರಯಾರಿಟಿ ಬೆಳಕಿನ ಜಾಗಗಳನ್ನು ಉಳಿಸಿಕೊಳ್ಳುತ್ತದೆ, ಆದರೆ ಕಪ್ಪಾದ ಕಡೆ ಬಣ್ಣ ತುಸು ಪಲ್ಲಟವಾಗಬಹುದು. ಕಲರ್ ಪ್ರಯಾರಿಟಿ ಬಣ್ಣ ಕಾಪಾಡುತ್ತದೆ. ಅಂಚಿನಲ್ಲಿ ಮನುಷ್ಯರ ಮೈಬಣ್ಣ ಇದ್ದಾಗ ಇದು ವಾಸಿ. ಪೇಂಟ್ ಓವರ್‌ಲೇ ಬರೀ ಕಪ್ಪು ಬಳಿಯುತ್ತದೆ, ಅದನ್ನು ಮರೆತುಬಿಡಬಹುದು. ಅಂಚಿನಲ್ಲಿ ಬಿಳಿ ಪಂಚೆಯೋ ದೀಪವೋ ಇದ್ದು ಅದರ ಹೊಳಪು ಉಳಿಯಬೇಕೆಂದಿದ್ದರೆ ಕೊನೆಯಲ್ಲಿರುವ ಹೈಲೈಟ್ಸ್ ಸ್ಲೈಡರ್ ಏರಿಸಿ.

ಈ ಫಲಕದ ದೊಡ್ಡ ಮಿತಿಯೆಂದರೆ ಕೇಂದ್ರವನ್ನು ಸರಿಸಲು ಬರುವುದಿಲ್ಲ. ವಿಷಯ ಒಂದು ಬದಿಗಿದ್ದರೆ ಮಾಸ್ಕಿಂಗ್‌ನಲ್ಲಿ ರೇಡಿಯಲ್ ಗ್ರೇಡಿಯೆಂಟ್ ಆರಿಸಿ, ಮುಖದ ಸುತ್ತ ಅಂಡಾಕಾರ ಎಳೆದು, ಇನ್ವರ್ಟ್ ಮಾಡಿ, ಎಕ್ಸ್‌ಪೋಶರ್ ಅನ್ನು ಮೈನಸ್ 0.3ರಿಂದ 0.7ರವರೆಗೆ ಇಳಿಸಿ. ಸ್ಯಾಚುರೇಶನ್ ಸ್ವಲ್ಪ ತಗ್ಗಿಸಿದರೆ ಅಂಚಿನ ಬಣ್ಣಗಳ ಗಲಾಟೆಯೂ ಅಡಗುತ್ತದೆ. ಫೋಟೊಶಾಪ್‌ನಲ್ಲಿ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಕ್ಯಾಮೆರಾ ರಾ ಫಿಲ್ಟರ್ ತೆರೆದರೆ ಇವೇ ಸ್ಲೈಡರ್‌ಗಳು ಸಿಗುತ್ತವೆ, ಬೇಕೆಂದಾಗ ಮತ್ತೆ ತಿದ್ದಬಹುದು.

ಫೋನಿನಲ್ಲಿ

ಗೂಗಲ್‌ನ ಉಚಿತ ಆ್ಯಪ್ ಸ್ನ್ಯಾಪ್‌ಸೀಡ್‌ನ ವಿನ್ಯೆಟ್ ಟೂಲ್ ಫೋನಿನಲ್ಲಿ ಒಳ್ಳೆಯ ಆಯ್ಕೆ. ಕಾರಣ, ಅದರಲ್ಲಿ ಕೇಂದ್ರದ ಚುಕ್ಕೆಯನ್ನು ಬೆರಳಿನಿಂದ ಎಳೆದು ಮುಖದ ಮೇಲೆ ಇಡಬಹುದು, ಎರಡು ಬೆರಳಿನಿಂದ ವೃತ್ತದ ಗಾತ್ರ ಬದಲಿಸಬಹುದು. ಔಟರ್ ಬ್ರೈಟ್‌ನೆಸ್ ಇಳಿಸಿದರೆ ಅಂಚು ಮಬ್ಬಾಗುತ್ತದೆ, ಇನ್ನರ್ ಬ್ರೈಟ್‌ನೆಸ್ ಏರಿಸಿದರೆ ನಡುಭಾಗ ಬೆಳಗುತ್ತದೆ. ಎರಡನ್ನೂ ಒಟ್ಟಿಗೆ ಹೆಚ್ಚು ಬಳಸಿದರೆ ಟಾರ್ಚ್ ಬಿಟ್ಟಂತಾಗುತ್ತದೆ. ಇನ್ನರ್ ಸೊನ್ನೆಯಲ್ಲೇ ಇರಲಿ. ವ್ಯೂ ಎಡಿಟ್ಸ್‌ಗೆ ಹೋಗಿ ವಿನ್ಯೆಟ್ ಹಂತದ ಬ್ರಷ್ ಆರಿಸಿದರೆ, ಬೇಕಾದ ಕಡೆ ಮಾತ್ರ ಬೆರಳಿನಿಂದ ಹಚ್ಚಲೂ ಸಾಧ್ಯ.

ಐಫೋನಿನ ಫೋಟೊಸ್ ಆ್ಯಪ್‌ನಲ್ಲಿ 2019ರ ಐಒಎಸ್ 13ರಿಂದ ವಿನ್ಯೆಟ್ ಸೇರಿದೆ, ಗೂಗಲ್ ಫೋಟೊಸ್‌ನಲ್ಲೂ ಇದೆ. ಫೋಟೊದ ನಡುವೆಯೇ ಮುಖವಿದ್ದರೆ ಇವು ಸಾಕು.

ಆಕಾಶದಲ್ಲಿ ಪಟ್ಟೆ ಬಂದರೆ

ಸರಾಗವಾಗಿ ಇಳಿಯಬೇಕಾದ ಕಪ್ಪು ಕೆಲವೊಮ್ಮೆ ಮೆಟ್ಟಿಲು ಮೆಟ್ಟಿಲಾಗಿ, ಪಟ್ಟೆಗಳಾಗಿ ಕಾಣುತ್ತದೆ. ನೀಲಿ ಆಕಾಶ, ಸ್ಟುಡಿಯೊ ಪರದೆ, ಬರಿ ಗೋಡೆಗಳಲ್ಲಿ ಇದು ಹೆಚ್ಚು. 8 ಬಿಟ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಹಂತ ಮಾತ್ರ. ಅದರಲ್ಲಿ ಹತ್ತಿಪ್ಪತ್ತು ಹಂತಗಳನ್ನು ಸಾವಿರಾರು ಪಿಕ್ಸೆಲ್ ಅಗಲಕ್ಕೆ ಹರಡಿದಾಗ ಹಂತಗಳ ಗಡಿ ಕಣ್ಣಿಗೆ ಬೀಳುತ್ತದೆ.

ಸಾಧ್ಯವಾದರೆ ರಾ ಫೈಲಿನಿಂದಲೇ ಕೆಲಸ ಮಾಡಿ. ಜಿಂಪ್‌ನಲ್ಲಿ ಇಮೇಜ್ ಮೆನುವಿನ ಪ್ರಿಸಿಶನ್ ಅನ್ನು ಶುರುವಿನಲ್ಲೇ 16 ಬಿಟ್‌ಗೆ ಏರಿಸಿ. ಡಾರ್ಕ್‌ಟೇಬಲ್‌ನ ವಿನ್ಯೆಟಿಂಗ್ ಮಾಡ್ಯೂಲ್‌ನಲ್ಲಿ ಡಿದರಿಂಗ್ ಎಂಬ ಆಯ್ಕೆ ಇದಕ್ಕಾಗಿಯೇ ಇದೆ. ಏನೂ ಆಗದಿದ್ದರೆ ಕಂಡೂ ಕಾಣದಷ್ಟು ನಾಯ್ಸ್ ಸೇರಿಸಿ. ಕಾಳುಕಾಳಾದ ನಾಯ್ಸ್ ಪಟ್ಟೆಗಳ ಗಡಿಯನ್ನು ಒಡೆದುಹಾಕುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಚಿತ್ರ ಮತ್ತಷ್ಟು ಕುಗ್ಗಿ ಪಟ್ಟೆಗಳು ಮರಳಬಹುದು, ಹಾಗಾಗಿ ಡಾಕ್ಯುಮೆಂಟ್ ಆಗಿ ಕಳಿಸುವುದು ಲೇಸು.

ಪ್ರಿಂಟ್ ಹಾಕಿಸುವುದಿದ್ದರೆ ಅಂಚಿನ ಕಪ್ಪನ್ನು ಇನ್ನೂ ಸ್ವಲ್ಪ ಕಡಿಮೆ ಮಾಡಿ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ಪರದೆಯಲ್ಲಿ ವಿವರ ಕಂಡ ನೆರಳು ಕಾಗದದಲ್ಲಿ ಮುಚ್ಚಿಹೋಗುತ್ತದೆ. ಶಾಯಿ ಹರಡುವ ಪತ್ರಿಕೆಯ ಕಾಗದದಲ್ಲಂತೂ ಇದು ಇನ್ನೂ ಹೆಚ್ಚು. ಕ್ಯಾನ್‌ವಾಸ್ ಮೇಲೆ ಮುದ್ರಿಸಿ ಮರದ ಚೌಕಟ್ಟಿಗೆ ಮಡಚಿ ಬಿಗಿಯುವುದಾದರೆ ಅಂಚಿನ ಪಟ್ಟಿ ಮಡಿಕೆಗೆ ಹೋಗುತ್ತದೆಂಬುದೂ ಲೆಕ್ಕದಲ್ಲಿರಲಿ.

ಎಲ್ಲಿ ಬೇಡ

ಗುಂಪಿನ ಫೋಟೊಗೆ ಬೇಡ. ಸಾಲಿನ ತುದಿಯಲ್ಲಿ ನಿಂತ ಸೋದರಮಾವನ ಮುಖ ಕಪ್ಪಾದರೆ ಅವರಿಗೆ ಅದು ಕಲೆಯಾಗಿ ಕಾಣುವುದಿಲ್ಲ. ಮಾರಾಟಕ್ಕಿಟ್ಟ ವಸ್ತುವಿನ ಬಿಳಿ ಹಿನ್ನೆಲೆಯ ಚಿತ್ರಕ್ಕೆ, ದಾಖಲೆ ಪತ್ರಗಳ ಚಿತ್ರಕ್ಕೆ, ಗುರುತಿನ ಚೀಟಿಯ ಫೋಟೊಗೆ ಬೇಡ. ಕೊಡಗಿನ ಮಂಜಿನ ಬೆಳಗಿನಂಥ ಚಿತ್ರಗಳಿಗೂ ಬೇಡ: ಮಂಜಿನ ಸೊಗಸು ಅದು ಅಂಚಿಲ್ಲದೆ ಹರಡಿರುವುದರಲ್ಲಿದೆ, ನಾಲ್ಕು ಮೂಲೆ ಕಪ್ಪಾದರೆ ಹೊಗೆ ಹಿಡಿದಂತಾಗುತ್ತದೆ. ರಾತ್ರಿಯ ಯಕ್ಷಗಾನದ ಚಿತ್ರದಲ್ಲಿ ರಂಗಸ್ಥಳದ ಆಚೆಗಿನ ಕತ್ತಲೆಯೇ ಆ ಕೆಲಸ ಮಾಡಿರುತ್ತದೆ. ಹಂಪಿಯ ಕಲ್ಲಿನ ರಥವನ್ನು ನಡುಹಗಲಿನ ಬಿಳಿ ಆಕಾಶದ ಕೆಳಗೆ ತೆಗೆದಿದ್ದರೆ, ಮೇಲಿನ ಮೂಲೆಗಳನ್ನು ಕಪ್ಪು ಮಾಡುವುದರಿಂದ ಮೋಡ ಹುಟ್ಟುವುದಿಲ್ಲ. ಬೆಳಗ್ಗೆಯೋ ಸಂಜೆಯೋ ಮತ್ತೆ ಹೋಗುವುದೇ ಮದ್ದು.

ಹಲವು ಫೋಟೊ ಜೋಡಿಸಿ ಪನೋರಮಾ ಮಾಡುವವರು ಒಂದೊಂದು ಫೋಟೊದ ಲೆನ್ಸ್ ಕಪ್ಪನ್ನೂ ಮೊದಲೇ ತೆಗೆಯಬೇಕು. ಇಲ್ಲದಿದ್ದರೆ ಜೋಡಿಸಿದ ಕಡೆಯೆಲ್ಲ ಆಕಾಶದಲ್ಲಿ ಕಪ್ಪು ಕಂಬಗಳು ಸಾಲಾಗಿ ನಿಲ್ಲುತ್ತವೆ.

ಸುದ್ದಿಚಿತ್ರಗಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಹಿನ್ನೆಲೆಯನ್ನೋ ಅಲ್ಲಿರುವ ಜನರನ್ನೋ ವಸ್ತುಗಳನ್ನೋ ಮರೆಯಾಗಿಸುವಷ್ಟು ಕಪ್ಪು ಮಾಡುವುದನ್ನು ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯ ನಿಯಮಗಳು ಒಪ್ಪುವುದಿಲ್ಲ. ಕಣ್ಣನ್ನು ಮುಖದತ್ತ ಕರೆಯುವುದು ಬೇರೆ, ಪಕ್ಕದಲ್ಲಿ ನಿಂತವನನ್ನು ಇಲ್ಲವಾಗಿಸುವುದು ಬೇರೆ.

ಕೊನೆಯ ಪರೀಕ್ಷೆ

ಮುಗಿಯಿತು ಅನ್ನಿಸಿದಾಗ ಚಿತ್ರವನ್ನು ಅಂಗೈಯಗಲಕ್ಕೆ ಕುಗ್ಗಿಸಿ ನೋಡಿ. ಚಿಕ್ಕದಾದಾಗ ಅತಿಯಾದ ಕಪ್ಪು ಉಂಗುರ ತಕ್ಷಣ ಬಯಲಾಗುತ್ತದೆ. ಆಮೇಲೆ ವಿನ್ಯೆಟ್ ಲೇಯರ್‌ನ ಕಣ್ಣಿನ ಗುರುತನ್ನು ಆರಿಸಿ, ಹಾಕಿ. ಲೈಟ್‌ರೂಮ್‌ನಲ್ಲಿ ಫಲಕದ ಸ್ವಿಚ್ಚನ್ನು ಹಾಗೇ ಮಾಡಿ. ಎರಡರ ನಡುವೆ ವ್ಯತ್ಯಾಸ ಗೊತ್ತಾಗಬೇಕು, ಆದರೆ ವಿನ್ಯೆಟ್ ಇದ್ದಾಗ ಬರಿ ಕಣ್ಣಿಗೆ ಅದು ಕಾಣಬಾರದು. ಕಣ್ಣು ಕಪ್ಪಿಗೆ ಬೇಗ ಒಗ್ಗಿಹೋಗುತ್ತದೆ, ಆದ್ದರಿಂದ ಫೈಲನ್ನು ಒಂದು ರಾತ್ರಿ ಬಿಟ್ಟು ಮರುದಿನ ನೋಡಿ, ಆಗಲೇ ಕಳಿಸಿ. ಎಡಿಟಿಂಗ್ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಮೊದಲು ಏನು ಕಂಡಿತು ಎಂದು ಕೇಳಿ. “ಅಜ್ಜಿಯ ಮುಖ” ಎಂದರೆ ಕೆಲಸ ಸರಿಯಾಗಿದೆ. “ಸುತ್ತ ಕಪ್ಪಗೆ ಮಾಡಿದ್ದೀರಲ್ಲ” ಎಂದರೆ ಒಪ್ಯಾಸಿಟಿಯನ್ನು ಅರ್ಧಕ್ಕೆ ಇಳಿಸಿ.